ಕೊರಳಿಗೆ ಬಿದ್ದ ಕ್ಯಾಮೆರಾ

ಜೋಗದ ಗುಂಡಿಗೆ ಇಳಿಯುವ ಮೆಟ್ಟಿಲುಗಳು ಸುಮಾರು 1400. ಇಳಿಯುವಾಗ ಅವನ್ನು ಯಾರೂ ಎಣಿಸುವುದಿಲ್ಲ, ಹತ್ತುವಾಗ ಎಲ್ಲರೂ ಎಣಿಸುತ್ತಾರೆ. ಇಳಿಯಲು ಬಿಡುವ ದಿನಗಳಲ್ಲಿ ಅಲ್ಲೊಂದು ಕಡೆ ಅರ್ಧ ಗಂಟೆ ಕುಳಿತು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬರಿಗೈಯಲ್ಲಿ ಬಂದವರು ಮೊಣಕಾಲು ಹಿಡಿದುಕೊಂಡು ಮೇಲೆ ಬರುತ್ತಾರೆ. ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡವರು ಒಂದು ಕೈಯಲ್ಲಿ ಕುತ್ತಿಗೆಯ ಹಿಂಭಾಗವನ್ನೂ ಇನ್ನೊಂದು ಕೈಯಲ್ಲಿ ಕ್ಯಾಮೆರಾವನ್ನೂ ಹಿಡಿದುಕೊಂಡು ಬರುತ್ತಾರೆ. ಜಾರಿದರೆ ಕಂಬಿ ಹಿಡಿಯಲು ಅವರಿಗೆ ಮೂರನೆಯ ಕೈ ಇಲ್ಲ.

ರಾಜ, ರಾಣಿ, ರೋರರ್, ರಾಕೆಟ್‌ಗಳು 253 ಮೀಟರ್ ಎತ್ತರದಿಂದ ಧುಮುಕುವುದನ್ನು ಫಿಲ್ಮಿನಲ್ಲಿ ಹಿಡಿಯಲು ಬೇಕಾದದ್ದು ಒಂದು ಸೆಕೆಂಡಿನ ಚೂರುಪಾರು ಭಾಗ. ಅದಕ್ಕಾಗಿ ಕ್ಯಾಮೆರಾ ಹೊರುವುದು ಮಾತ್ರ ಇಡೀ ದಿನ. ಸಂಜೆ ಸಾಗರ ಪೇಟೆಗೆ ಮರಳಿ ಹೋಟೆಲಿನ ಬೆಂಚಿನ ಮೇಲೆ ಕ್ಯಾಮೆರಾ ಇಳಿಸಿದಾಗ ಕುತ್ತಿಗೆಯ ಮೇಲೆ ಬೆರಳಗಲದ ಕೆಂಪು ಗೆರೆ ಎದ್ದಿರುತ್ತದೆ. ಗೆರೆ ಬೆಳಗಾಗುವುದರೊಳಗೆ ಮಾಯುತ್ತದೆ, ನೋವು ಅಷ್ಟು ಬೇಗ ಮಾಯುವುದಿಲ್ಲ.

ಫಿಲ್ಮ್ ಕ್ಯಾಮೆರಾ ಈಗ ಯಾರ ಬಳಿ ಇದೆ ಎಂದು ಕೇಳುವವರಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸ್ಟುಡಿಯೋಗಳಲ್ಲಿ ದಶಕಗಳ ಕಾಲ ದುಡಿದ ಯಾಶಿಕಾ, ಮಾಮಿಯಾ, ನಿಕಾನ್‌ಗಳು 2000ದ ನಂತರದ ವರ್ಷಗಳಲ್ಲಿ ಒಂದೊಂದಾಗಿ ಅಟ್ಟ ಸೇರಿದ್ದು ನಿಜ. ಆದರೆ ಫಿಲ್ಮ್ ತಯಾರಿಕೆ ನಿಂತಿಲ್ಲ. ಅಜ್ಜನ ಅಥವಾ ಮಾವನ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ, ಬೂಷ್ಟು ಒರೆಸಿ, ರೀಲು ತರಿಸಿ ಹಾಕುವ ಹುಡುಗ ಹುಡುಗಿಯರು ಮತ್ತೆ ಕಾಣಿಸಿಕೊಂಡಿದ್ದಾರೆ. ಅವರಿಗೆ ಫೋಕಸ್ ಹೇಗೆ, ಬೆಳಕಿನ ಲೆಕ್ಕ ಹೇಗೆ ಎಂದು ಹೇಳಿಕೊಡುವವರು ಸಿಗುತ್ತಾರೆ. ಕ್ಯಾಮೆರಾ ಹೊರುವುದು ಹೇಗೆ ಎಂದು ಯಾರೂ ಹೇಳಿಕೊಡುವುದಿಲ್ಲ. ಪೆಟ್ಟಿಗೆಯೊಂದಿಗೆ ಒಂದು ಪಟ್ಟಿ ಬಂದಿರುತ್ತದೆ, ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಂದ ತೊಂದರೆ ಶುರು.

ಫಿಲ್ಮಿನ ಕ್ಯಾಮೆರಾಕ್ಕೆ ಇನ್ನೊಂದು ವಿಶೇಷವಿದೆ. ಒಂದು ರೀಲಿಗೆ 36 ಚಿತ್ರ. ದೊಡ್ಡ ಫಿಲ್ಮಿನ ಕ್ಯಾಮೆರಾದಲ್ಲಾದರೆ ಹನ್ನೆರಡೋ ಹತ್ತೋ. ಪ್ರತಿ ಚಿತ್ರಕ್ಕೂ ದುಡ್ಡು. ಆದ್ದರಿಂದ ಫಿಲ್ಮ್ ಹಾಕಿದವರು ಯೋಚಿಸುತ್ತಾರೆ, ಮೋಡ ಸರಿಯಲೆಂದು ಕಾಯುತ್ತಾರೆ, ಕೊನೆಗೆ ಬೇಡವೆಂದು ಮುಂದೆ ನಡೆಯುತ್ತಾರೆ. ಹತ್ತು ಗಂಟೆಯ ಅಲೆದಾಟದಲ್ಲಿ ಕ್ಯಾಮೆರಾ ಕಣ್ಣಿಗೆ ಏರುವುದು ಹತ್ತಿಪ್ಪತ್ತು ನಿಮಿಷ. ಉಳಿದ ಹೊತ್ತೆಲ್ಲ ಅದು ತೂಗಾಡುವ ಕಬ್ಬಿಣ, ಹಿತ್ತಾಳೆ ಮತ್ತು ಗಾಜು.

ಎಷ್ಟು ತೂಕ? ನಿಕಾನ್ ಎಫ್‌ಎಂ2 ಲೆನ್ಸ್ ಇಲ್ಲದೆ 540 ಗ್ರಾಂ. ಪತ್ರಿಕಾ ಛಾಯಾಗ್ರಾಹಕರ ಮೆಚ್ಚಿನ ನಿಕಾನ್ ಎಫ್5 ಬರೀ ಒಡಲೇ 1210 ಗ್ರಾಂ, ಮೇಲೆ ಎಂಟು ಸೆಲ್ಲು, ಲೆನ್ಸು. ಮದುವೆ ಮನೆಗಳಲ್ಲಿ ಮೆರೆದ ಯಾಶಿಕಾ ಮ್ಯಾಟ್ 124ಜಿ ಸುಮಾರು 1100 ಗ್ರಾಂ. ಹ್ಯಾಸೆಲ್‌ಬ್ಲಾಡ್ ಲೆನ್ಸ್ ಮತ್ತು ಫಿಲ್ಮಿನ ಗೂಡು ಸೇರಿ ಸುಮಾರು ಒಂದೂವರೆ ಕಿಲೋ. ಪೆಂಟಾಕ್ಸ್ 67 ಲೆನ್ಸಿನೊಂದಿಗೆ ಎರಡು ಕಿಲೋ ದಾಟುತ್ತದೆ. ಮಾಮಿಯಾ ಆರ್‌ಬಿ67 ಎರಡೂವರೆಯನ್ನೂ ದಾಟುತ್ತದೆ.

ಎರಡೂವರೆ ಕಿಲೋ ಏನು ಮಹಾ ಎನ್ನಿಸಬಹುದು. ಅಂಗಡಿಯಿಂದ ಅಷ್ಟು ತೂಕದ ಸಕ್ಕರೆಯನ್ನು ಮಕ್ಕಳೂ ತರುತ್ತಾರೆ. ಅದು ಹತ್ತು ನಿಮಿಷದ ಮಾತು, ದಾರಿಯಲ್ಲಿ ನಾಲ್ಕು ಸಲ ಕೈ ಬದಲಾಗಿರುತ್ತದೆ. ಅದೇ ಮಗುವಿಗೆ ಒಂದು ಪಠ್ಯಪುಸ್ತಕ ಕೊಟ್ಟು, ಕೈಯನ್ನು ನೇರ ಮುಂದೆ ಚಾಚಿ ಐದು ನಿಮಿಷ ಅಲುಗಾಡದೆ ನಿಲ್ಲು ಎಂದು ಹೇಳಿ ನೋಡಿ. ಕೈ ನಡುಗತೊಡಗುತ್ತದೆ. ಭೌತಶಾಸ್ತ್ರದ ಪುಸ್ತಕದ ಪ್ರಕಾರ ಆ ಮಗು ಯಾವ ಕೆಲಸವನ್ನೂ ಮಾಡಿಲ್ಲ. ವಸ್ತು ಸರಿಯಲಿಲ್ಲ, ದೂರ ಸೊನ್ನೆ, ಕೆಲಸವೂ ಸೊನ್ನೆ. ಸ್ನಾಯುವಿಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಸಂಕುಚಿಸುತ್ತ ಸಡಿಲುತ್ತ ಇರುವ ಸ್ನಾಯುವಿಗೆ ರಕ್ತ ಸರಾಗವಾಗಿ ಬಂದು ಹೋಗುತ್ತದೆ. ಬಿಗಿದುಕೊಂಡೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ಗುದ್ದಲಿ ಹಿಡಿದು ಅಗೆಯುವವರ ತೋಳಿಗಿಂತ ಕ್ಯಾಮೆರಾ ತೂಗುಹಾಕಿಕೊಂಡು ಸುಮ್ಮನೆ ನಿಂತವರ ಕುತ್ತಿಗೆ ಬೇಗ ಸೋಲುವುದು ಇದರಿಂದಲೇ.

ಈ ಭಾರದ ಸಮಸ್ಯೆ ಹೊಸದಲ್ಲ. 35 ಮಿಲಿಮೀಟರ್ ಫಿಲ್ಮಿನ ಪುಟ್ಟ ಕ್ಯಾಮೆರಾ ಹುಟ್ಟಿದ್ದೇ ಈ ಸಮಸ್ಯೆಯಿಂದ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್ ಅವರಿಗೆ ಬೆಟ್ಟ ಸುತ್ತುವ ಹುಚ್ಚು, ಫೋಟೋ ತೆಗೆಯುವ ಹುಚ್ಚು. ಜೊತೆಗೆ ಉಬ್ಬಸ. ಅಂದಿನ ಗಾಜಿನ ಫಲಕಗಳ ಕ್ಯಾಮೆರಾವನ್ನೂ ಅದರ ಮುಕ್ಕಾಲಿಯನ್ನೂ ಹೊತ್ತು ಏರಲು ಅವರ ಎದೆ ಒಪ್ಪಲಿಲ್ಲ. ಸಿನಿಮಾ ಫಿಲ್ಮನ್ನು ಬಳಸಿ ಅಂಗೈಯಗಲದ ಕ್ಯಾಮೆರಾವೊಂದನ್ನು ಅವರು ಮೊದಲನೆಯ ಮಹಾಯುದ್ಧದ ಹೊಸ್ತಿಲಲ್ಲಿ ಮಾಡಿಕೊಂಡರು. ಅದೇ ಬೆಳೆದು 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದಿನವರು ಆ ಪುಟ್ಟ ಕ್ಯಾಮೆರಾಕ್ಕೆ ಮೋಟಾರು, ಪ್ರಿಸಂ, ಮೊಳದುದ್ದದ ಲೆನ್ಸು ಎಲ್ಲವನ್ನೂ ಸೇರಿಸಿ ಬಾರ್ನಾಕ್ ಇಳಿಸಿದ್ದ ಭಾರವನ್ನು ಮತ್ತೆ ಹೇರಿಕೊಂಡರು. ಇರಲಿ.

ಕೊರಳಿಗೆ ಹಾಕಿದ ಪಟ್ಟಿ ಮಾಡುವ ಉಪದ್ರವ ಒಂದೆರಡಲ್ಲ. ಮೊದಲನೆಯದು ಸನ್ನೆಯ ಲೆಕ್ಕ. ಎದೆಯ ಮುಂದೆ ತೂಗುವ ಕ್ಯಾಮೆರಾ ಬೆನ್ನುಮೂಳೆಯಿಂದ ಸುಮಾರು 20 ಸೆಂಟಿಮೀಟರ್ ಮುಂದಿರುತ್ತದೆ ಎಂದಿಟ್ಟುಕೊಳ್ಳೋಣ. ದೇಹ ಮುಂದಕ್ಕೆ ಬಾಗದಂತೆ ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಮುಂದಿನ ತೋಳು ಹಿಂದಿನ ತೋಳಿಗಿಂತ ನಾಲ್ಕು ಪಟ್ಟು ಉದ್ದ. ಹಾಗಾಗಿ ಎರಡೂವರೆ ಕಿಲೋ ಕ್ಯಾಮೆರಾವನ್ನು ಸರಿದೂಗಿಸಲು ಸ್ನಾಯುಗಳು ಸುಮಾರು ಹತ್ತು ಕಿಲೋ ಬಲದಿಂದ ಎಳೆಯಬೇಕು. ಎರಡೂ ಸೇರಿ ಸೊಂಟದ ಮೇಲಿನ ಬೆನ್ನುಮೂಳೆಗೆ ಬೀಳುವುದು ಹನ್ನೆರಡೂವರೆ ಕಿಲೋ. ಇದು ಅಂದಾಜಿನ ಲೆಕ್ಕ, ಮೈಕಟ್ಟಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆದರೆ ತಕ್ಕಡಿಯಲ್ಲಿ ತೋರುವ ತೂಕವೂ ಬೆನ್ನಿಗೆ ತಗಲುವ ತೂಕವೂ ಒಂದೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು ಒತ್ತಡ. ಹಳೆಯ ಕ್ಯಾಮೆರಾಗಳೊಂದಿಗೆ ಬರುತ್ತಿದ್ದ ತೊಗಲಿನ ಪಟ್ಟಿ ಒಂದು ಸೆಂಟಿಮೀಟರ್ ಅಗಲದ್ದು. ಅದು ಕುತ್ತಿಗೆಯನ್ನು ಹತ್ತು ಸೆಂಟಿಮೀಟರ್ ಉದ್ದಕ್ಕೆ ತಾಗಿದರೆ ಎರಡೂವರೆ ಕಿಲೋ ಭಾರ ಹತ್ತು ಚದರ ಸೆಂಟಿಮೀಟರಿನಲ್ಲಿ ಹಂಚಿಹೋಗುತ್ತದೆ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 250 ಗ್ರಾಂ. ಪಟ್ಟಿಯ ಅಗಲ ಐದಾದರೆ ಅದು 50 ಗ್ರಾಮಿಗೆ ಇಳಿಯುತ್ತದೆ. ಕ್ಯಾಮೆರಾ ಅದೇ, ಕುತ್ತಿಗೆಯೂ ಅದೇ. ಹರಿತ ಕತ್ತಿ ಕೊಯ್ಯುವುದೂ ಮೊಂಡು ಕತ್ತಿ ಕೊಯ್ಯದಿರುವುದೂ ಇದೇ ನಿಯಮದಿಂದ.

ಮೂರನೆಯದು ತೂಗಾಟ. ಉದ್ದ ಪಟ್ಟಿಯ ತುದಿಯ ಕ್ಯಾಮೆರಾ ಒಂದು ಲೋಲಕವೇ. ಅರವತ್ತು ಸೆಂಟಿಮೀಟರ್ ಉದ್ದದ ಲೋಲಕ ಹೋಗಿ ಬರಲು ಸುಮಾರು ಒಂದೂವರೆ ಸೆಕೆಂಡು ಬೇಕು. ಮೆಟ್ಟಿಲು ಇಳಿಯುವವರು ಎಚ್ಚರದಿಂದ ಎರಡು ಹೆಜ್ಜೆ ಇಡಲು ಬೇಕಾಗುವ ಹೊತ್ತೂ ಹೆಚ್ಚು ಕಡಿಮೆ ಅಷ್ಟೇ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ ಪ್ರತಿ ಹೆಜ್ಜೆಯೂ ಕ್ಯಾಮೆರಾವನ್ನು ಇನ್ನಷ್ಟು ತೂಗುತ್ತದೆ. ಸಮತಟ್ಟು ರಸ್ತೆಯಲ್ಲಿ ಸುಮ್ಮನಿದ್ದ ಕ್ಯಾಮೆರಾ ಕವಲೇದುರ್ಗದ ಕಲ್ಲುಹಾಸಿನ ಇಳಿಜಾರಿನಲ್ಲಿ ಎದೆಗೆ ಗುದ್ದತೊಡಗುವುದು ಇದಕ್ಕೇ. ಪಟ್ಟಿಯನ್ನು ಗಿಡ್ಡ ಮಾಡಿದರೆ ಲಯ ಬದಲಾಗುತ್ತದೆ ನಿಜ, ಆದರೆ ಆ ಲಯಕ್ಕೆ ಹೊಂದುವ ಬೇರೊಂದು ನಡಿಗೆ ಇದ್ದೇ ಇರುತ್ತದೆ. ತೂಗಾಟಕ್ಕೆ ಮದ್ದು ಪಟ್ಟಿಯ ಉದ್ದದಲ್ಲಿಲ್ಲ, ಕ್ಯಾಮೆರಾವನ್ನು ಮೈಗೆ ಕಟ್ಟುವುದರಲ್ಲಿದೆ.

ಮೈಗೆ ಕಟ್ಟುವುದನ್ನು ಕಲಿಯಲು ಮಲೆನಾಡಿನವರು ದೂರ ಹೋಗಬೇಕಿಲ್ಲ. ಅಡಿಕೆ ತೋಟದ ಕೊನೆಗಾರರನ್ನು ನೋಡಿದರೆ ಸಾಕು. ಫೈಬರ್ ದೋಟಿಗಳು ಬಂದ ಮೇಲೆ ಮರ ಏರುವವರು ಕಡಿಮೆಯಾಗುತ್ತಿದ್ದಾರೆ, ಆದರೂ ಕೊಯ್ಲಿನ ಕಾಲದಲ್ಲಿ ಮರದಿಂದ ಮರಕ್ಕೆ ದಾಟುವವರು ಇನ್ನೂ ಇದ್ದಾರೆ. ಅವರ ಕತ್ತಿ ಎಲ್ಲಿರುತ್ತದೆ? ಕೊರಳಲ್ಲಿ ಅಲ್ಲ, ಕೈಯಲ್ಲೂ ಅಲ್ಲ. ಸೊಂಟದ ಹಿಂದೆ ಕಟ್ಟಿದ ಮರದ ಕೊಕ್ಕೆಯಲ್ಲಿ. ಕತ್ತಿಯ ಭಾರ ನೇರ ಸೊಂಟದ ಮೂಳೆಗೆ ಹೋಗುತ್ತದೆ. ಎರಡೂ ಕೈಗೆ ಮರ ಸಿಗುತ್ತದೆ. ಬೇಕೆಂದಾಗ ಕೈ ಹಿಂದಕ್ಕೆ ಹೋದರೆ ಹಿಡಿ ತಾನಾಗಿ ಬೆರಳಿಗೆ ಸಿಗುತ್ತದೆ, ನೋಡಬೇಕಿಲ್ಲ. ಸೊಪ್ಪು ಕಡಿಯುವವರು, ಬೇಲಿ ಕಟ್ಟುವವರು, ಹಾದಿ ಸವರುವವರು ಎಲ್ಲರದ್ದೂ ಇದೇ ಪದ್ಧತಿ. ಭಾರ ಸೊಂಟಕ್ಕೆ, ಮೈಗೆ ತಾಗಿ, ಕೈಗೆ ಎಟುಕುವಂತೆ. ಕ್ಯಾಮೆರಾ ಹೊರುವವರಿಗೆ ಬೇಕಾದ ಮೂರೂ ಗುಣಗಳು ಆ ಕೊಕ್ಕೆಯಲ್ಲಿವೆ.

ನಾಟಿಗೆ ಇಳಿದ ಹೆಂಗಸರ ಗೊರಬನ್ನೂ ಈ ಲೆಕ್ಕದಲ್ಲಿ ನೋಡಬೇಕು. ಮಳೆಗೆ ಅಡ್ಡವಾಗಿ ತಲೆಯಿಂದ ಬೆನ್ನಿನುದ್ದಕ್ಕೂ ಒರಗಿ ಕೂತು, ಬಾಗಿದ ಮೈಗೆ ಹೊಂದಿಕೊಂಡು, ಎರಡೂ ಕೈಯನ್ನು ಕೆಲಸಕ್ಕೆ ಬಿಡುತ್ತಿದ್ದ ಸಾಧನ ಅದು. ಕೊಡೆ ಹಿಡಿದು ನಾಟಿ ಮಾಡಲಾದೀತೇ? ಕೊಡೆ ಹಿಡಿದು ಕ್ಯಾಮೆರಾ ಹಿಡಿಯುವುದೂ ಅಷ್ಟೇ ಕಷ್ಟ. ಪ್ಲಾಸ್ಟಿಕ್ ಬಂದ ಮೇಲೆ ಗೊರಬು ಮೂಲೆಗೆ ಸೇರಿತು.

ತಲೆಹೊರೆಯ ಬಗ್ಗೆಯಂತೂ ವಿಜ್ಞಾನಿಗಳೇ ಬೆರಗಾಗಿದ್ದಾರೆ. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಐದನೇ ಒಂದು ಭಾಗದಷ್ಟು ಭಾರವನ್ನು ತಲೆಯ ಮೇಲೆ ಹೊತ್ತು ನಡೆದಾಗ, ಬರಿಗೈಯಲ್ಲಿ ನಡೆಯುವಾಗಿನಷ್ಟೇ ಆಮ್ಲಜನಕ ಬಳಸುತ್ತಾರೆ ಎಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 1995ರ ಇನ್ನೊಂದು ಅಧ್ಯಯನ ಗುಟ್ಟು ಅವರ ನಡಿಗೆಯಲ್ಲಿದೆ ಎಂದಿತು. ತಲೆಯ ಮೇಲೆ ಸಿಂಬೆ ಇಟ್ಟು ದರಗಿನ ಹೊರೆ ಹೊತ್ತು ಗುಡ್ಡ ಇಳಿಯುವ ನಮ್ಮ ಕಡೆಯ ಹೆಂಗಸರ ನೆಟ್ಟನೆಯ ಬೆನ್ನನ್ನು ಕಂಡವರಿಗೆ ಇದು ತೀರಾ ಹೊಸ ಸಂಗತಿ ಅನ್ನಿಸಲಿಕ್ಕಿಲ್ಲ. ಹೊರೆ ಬೆನ್ನುಮೂಳೆಯ ನೇರಕ್ಕೆ ಕೂತಿದೆ, ಸನ್ನೆಯ ತೋಳು ಸೊನ್ನೆ. ಕಾವಡಿಯ ಬಗ್ಗೆಯೂ 1991ರಲ್ಲಿ ಒಂದು ಪ್ರಯೋಗ ನಡೆಯಿತು. ಬಳುಕುವ ಕೋಲಿನ ಎರಡು ತುದಿಗೆ ಭಾರ ತೂಗಿಸಿ ಓಡಿದರೆ ಶಕ್ತಿಯೇನೂ ಉಳಿಯುವುದಿಲ್ಲ, ಆದರೆ ಹೆಗಲಿಗೆ ಬೀಳುವ ಗುದ್ದು ಬಹಳ ಕಡಿಮೆಯಾಗುತ್ತದೆ ಎಂದು ಕಂಡುಬಂತು.

ಕ್ಯಾಮೆರಾವನ್ನು ತಲೆಯ ಮೇಲೆ ಹೊತ್ತುಕೊಳ್ಳಿ ಎಂದು ಯಾರೂ ಹೇಳಲಾರರು. ಆದರೆ ಈ ಪ್ರಯೋಗಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅರವತ್ತು ಕಿಲೋ ಮೈಯವರಿಗೆ ಎರಡೂವರೆ ಕಿಲೋ ಎಂದರೆ ನೂರಕ್ಕೆ ನಾಲ್ಕರಷ್ಟು, ಹೊರಲಾಗದ ಭಾರವೇ ಅಲ್ಲ. ಮನುಷ್ಯನನ್ನು ದಣಿಸುವುದು ಕ್ಯಾಮೆರಾ ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು. ಹಗುರ ಕ್ಯಾಮೆರಾ ಕೊಳ್ಳುವ ಮೊದಲು ಇರುವ ಕ್ಯಾಮೆರಾವನ್ನು ಒಂದಡಿ ಆಚೀಚೆ ಸರಿಸಿ ನೋಡುವುದು ಮೇಲು.

ಸಿನಿಮಾದವರು ಈ ಪಾಠವನ್ನು ಬಹಳ ಭಾರದ ಮೂಲಕ ಕಲಿತರು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಎಂದು ದೂರದರ್ಶನಕ್ಕೆ ತಂದಾಗ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೇ ಮಾಲ್ಗುಡಿಯಾಯಿತು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಆ ಕಾಲದ ಸಿನಿಮಾ ಕ್ಯಾಮೆರಾಗಳಲ್ಲಿ, ಸದ್ದು ಮಾಡದ ಮಾದರಿಗಳು ಫಿಲ್ಮಿನ ಡಬ್ಬಿ ಸೇರಿ ಹತ್ತು ಕಿಲೋ ದಾಟುತ್ತಿದ್ದವು. ಅಂಥ ಕ್ಯಾಮೆರಾವನ್ನು ಹೆಗಲಿಗೇರಿಸಿ ನಡೆದರೆ ಹೆಗಲೂ ನೋಯುತ್ತದೆ, ಚಿತ್ರವೂ ನಡುಗುತ್ತದೆ. ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್ ಎಂಬ ಸಲಕರಣೆಯಲ್ಲಿ ಛಾಯಾಗ್ರಾಹಕ ಒಂದು ಅಂಗಿಯಂಥ ಕವಚ ತೊಡುತ್ತಾನೆ. ಅದರಿಂದ ಹೊರಟ ಸ್ಪ್ರಿಂಗಿನ ತೋಳು ಕ್ಯಾಮೆರಾವನ್ನು ಹಿಡಿದಿರುತ್ತದೆ. ಭಾರದ ದೊಡ್ಡ ಪಾಲು ಕವಚದ ಮೂಲಕ ಸೊಂಟಕ್ಕೆ ಇಳಿಯುತ್ತದೆ. 1976ರ ಹಾಲಿವುಡ್ ಚಿತ್ರಗಳಲ್ಲಿ ಅದು ಮೊದಲು ಬಳಕೆಯಾಯಿತು. ನೋಡಿದರೆ ಹೊಸ ಯಂತ್ರ, ಒಳಗಿನ ಉಪಾಯ ಮಾತ್ರ ಕೊನೆಗಾರರ ಸೊಂಟದಲ್ಲಿರುವುದೇ.

ಹಾಗಾದರೆ ಸಾಧಾರಣ ಕ್ಯಾಮೆರಾ ಹಿಡಿದು ಹೊರಟವರು ಏನು ಮಾಡಬೇಕು? ಮೊದಲು ಪಟ್ಟಿಯನ್ನು ಕೊರಳಿನಿಂದ ತೆಗೆದು ಜನಿವಾರದ ಹಾಗೆ ಅಡ್ಡಲಾಗಿ ಹಾಕಬೇಕು, ಎಡ ಹೆಗಲಿನಿಂದ ಬಲ ಸೊಂಟಕ್ಕೆ. ಕ್ಯಾಮೆರಾ ಸೊಂಟದ ಮೂಳೆಯ ಸ್ವಲ್ಪ ಹಿಂದೆ, ಲೆನ್ಸ್ ಒಳಮುಖವಾಗಿ, ಮೈಗೆ ಒರಗಿ ಕೂರುವಷ್ಟು ಉದ್ದವಿರಲಿ. ಪಟ್ಟಿ ಕುತ್ತಿಗೆಯ ಬುಡವನ್ನು ತಾಗದೆ ಹೆಗಲಿನ ಅಗಲವಾದ ಭಾಗದ ಮೇಲೆ ಬರಬೇಕು. ಇಷ್ಟು ಮಾಡಿದರೇ ಅರ್ಧ ನೋವು ಹೋಗುತ್ತದೆ, ಖರ್ಚೂ ಇಲ್ಲ. ಮಧ್ಯಾಹ್ನ ಊಟದ ನಂತರ ಹೆಗಲು ಬದಲಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿದವರು ಪಟ್ಟಿ ಜಾರದಿರಲೆಂದು ಆ ಹೆಗಲನ್ನು ಎತ್ತಿಯೇ ನಡೆಯುತ್ತಾರೆ, ಕೊನೆಗೆ ಚೀಲವಿಲ್ಲದ ದಿನವೂ ಹೆಗಲು ಇಳಿಯುವುದಿಲ್ಲ. ಮದುವೆ ಮನೆಯಲ್ಲಿ ಗುಂಪಿನ ನಡುವೆ ಹಳೆಯ ಫೋಟೋಗ್ರಾಫರನ್ನು ಹೆಗಲು ನೋಡಿಯೇ ಗುರುತಿಸಬಹುದು.

ಪಟ್ಟಿಗೆ ಪೇಟೆಯ ದುಬಾರಿ ಸರಕೇ ಬೇಕೆಂದಿಲ್ಲ. ಕಾರಿನ ಸೀಟು ಬೆಲ್ಟಿನ ನೇಯ್ಗೆ ಪಟ್ಟಿ ಸುಮಾರು ಐದು ಸೆಂಟಿಮೀಟರ್ ಅಗಲವಿರುತ್ತದೆ, ಎಳೆತಕ್ಕೂ ಜಗ್ಗುವುದಿಲ್ಲ. ವಾಹನಗಳ ಸೀಟು ಹೊಲಿಯುವ ಅಂಗಡಿಯಲ್ಲಿ ನೈಲಾನ್ ದಾರದಿಂದ ಚೌಕ ಹೊಲಿಗೆ ಹಾಕಿಸಿ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಡೆಸಿದರೆ ಕ್ಯಾಮೆರಾದ ಮಟ್ಟಿಗೆ ಅದು ಬಿಚ್ಚುವ ಹೊಲಿಗೆಯಲ್ಲ. ಹೆಗಲಿಗೆ ತಾಗುವಲ್ಲಿ ಒಳಗೆ ಹಳೆಯ ಕಂಬಳಿಯ ತುಂಡನ್ನು ಎರಡು ಮಡಿಕೆ ಹಾಕಿ ಹೊಲಿಸಬಹುದು. ರೆಕ್ಸಿನ್ ಮತ್ತು ಸ್ಪಂಜು ಬೆವರಿಗೆ ಅಂಟುತ್ತವೆ, ಜಾರುತ್ತವೆ. ಕಂಬಳಿಯ ಉಣ್ಣೆ ಒದ್ದೆಯಾದರೂ ಅಂಗಿಯನ್ನು ಹಿಡಿದುಕೊಂಡಿರುತ್ತದೆ. ತುಸು ಚುಚ್ಚುತ್ತದೆ, ಅದಕ್ಕೆ ಮೇಲೊಂದು ಹತ್ತಿಬಟ್ಟೆ ಹಾಕಿದರಾಯಿತು. ಹಿಗ್ಗುವ ರಬ್ಬರಿನ ಪಟ್ಟಿಗಳನ್ನು ಕೆಲವರು ಮೆಚ್ಚುತ್ತಾರೆ. ಅವು ಕ್ಯಾಮೆರಾವನ್ನು ಹಗುರ ಅನ್ನಿಸುವಂತೆ ಮಾಡುತ್ತವೆ, ಆದರೆ ನಡೆದಷ್ಟೂ ಮೇಲೆ ಕೆಳಗೆ ಕುಣಿಸುತ್ತವೆ.

ಎರಡು ಕಿಲೋ ದಾಟಿದ ಕ್ಯಾಮೆರಾಕ್ಕೆ ಅಡ್ಡಪಟ್ಟಿಯೂ ಸಾಲದು, ಸೊಂಟಪಟ್ಟಿ ಬೇಕು. ನಾಲ್ಕು ಬೆರಳಗಲದ ಗಟ್ಟಿ ಪಟ್ಟಿಯನ್ನು ಹೊಟ್ಟೆಯ ಮೇಲೆ ಕಟ್ಟದೆ ಸೊಂಟದ ಮೂಳೆಯ ಅಂಚಿನ ಮೇಲೆ ಬಿಗಿಯಬೇಕು. ಅದಕ್ಕೆ ಕ್ಯಾಮೆರಾ ಕೂರುವ ಚೀಲ. ಹೆಗಲಿನ ಪಟ್ಟಿ ಆಗ ಭಾರ ಹೊರುವುದಿಲ್ಲ, ಕ್ಯಾಮೆರಾ ಬೀಳದಂತೆ ಕಾಯುತ್ತದೆ ಅಷ್ಟೇ. ಚೂಡಿದಾರ್ ಅಥವಾ ಸೀರೆ ಉಟ್ಟ ಛಾಯಾಗ್ರಾಹಕಿಯರಿಗೂ ಎದೆಯ ಮೇಲೆ ಅಡ್ಡ ಹಾಯುವ ಬಿಗಿ ಪಟ್ಟಿಗಿಂತ ಇದೇ ಅನುಕೂಲ. ಎರಡು ಕ್ಯಾಮೆರಾ ಇದ್ದರೆ ಒಂದೊಂದು ಬದಿಗೆ ಒಂದೊಂದು, ಕಾವಡಿಯ ಹಾಗೆ. ಮದುವೆ ಛಾಯಾಗ್ರಾಹಕರು ಒಂದು ಕಾಲದಲ್ಲಿ ಗೊತ್ತಿಲ್ಲದೆಯೇ ಈ ಸಮತೋಲ ಸಾಧಿಸಿದ್ದರು. ಫ್ಲ್ಯಾಶಿನ ಭಾರದ ಬ್ಯಾಟರಿ ಪೆಟ್ಟಿಗೆ ಒಂದು ಬದಿಗೆ, ಕ್ಯಾಮೆರಾ ಇನ್ನೊಂದು ಬದಿಗೆ. ಚಿಕ್ಕ ಫ್ಲ್ಯಾಶ್ ಬಂದು ಪೆಟ್ಟಿಗೆ ಹೋದಾಗ ಅವರ ಭಾರ ಇಳಿಯಿತು, ಸಮತೋಲವೂ ಹೋಯಿತು.

ಉದ್ದ ಲೆನ್ಸ್ ಇದ್ದಾಗ ಪಟ್ಟಿಯನ್ನು ಕ್ಯಾಮೆರಾಕ್ಕೆ ಕಟ್ಟಬಾರದು, ಲೆನ್ಸಿನ ಕೊರಳಪಟ್ಟಿಗೆ ಕಟ್ಟಬೇಕು. ಇಲ್ಲದಿದ್ದರೆ ಎರಡೂವರೆ ಕಿಲೋ ಲೆನ್ಸ್ ಸನ್ನೆಯ ಹಾಗೆ ಕ್ಯಾಮೆರಾದ ಬಾಯನ್ನು ಇಡೀ ದಿನ ಎಳೆಯುತ್ತಿರುತ್ತದೆ. ಕ್ಯಾಮೆರಾದ ಅಡಿಯ ಮುಕ್ಕಾಲಿ ತಿರುಪಿಗೆ ಪಟ್ಟಿ ಸಿಕ್ಕಿಸುವ ಪದ್ಧತಿ ಈಚೆಗೆ ಬಹಳ ಬಳಕೆಯಲ್ಲಿದೆ. ಕೈಗೆ ಬೇಗ ಎಟುಕುತ್ತದೆ, ನಿಜ. ಆದರೆ ಆ ತಿರುಪು ಕಾಲಿಂಚಿನದು, ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಸಡಿಲವಾಗುತ್ತ ಹೋಗುತ್ತದೆ. ಕ್ಯಾಮೆರಾದ ಕಿವಿಗೆ ಇನ್ನೊಂದು ಕಾವಲು ದಾರ ಕಟ್ಟದೆ ಅದನ್ನು ನಂಬುವುದು ಬೇಡ.

ದಿನದ ಕೆಲಸ ಯಾವುದು ಎನ್ನುವುದರ ಮೇಲೆ ಹೊರುವ ರೀತಿಯೂ ಬದಲಾಗಬೇಕು. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ದೇವಾಲಯಗಳಲ್ಲಿ ಕೆತ್ತನೆಯ ಚಿತ್ರ ತೆಗೆಯುವವರಿಗೆ ಅವಸರವಿಲ್ಲ. ಕಲ್ಲು ಹಾರಿ ಹೋಗುವುದಿಲ್ಲ. ಕ್ಯಾಮೆರಾ ಮುಕ್ಕಾಲಿಯ ಮೇಲಿರಲಿ, ಉಳಿದದ್ದು ಬೆನ್ನಚೀಲದಲ್ಲಿರಲಿ. ಮುಕ್ಕಾಲಿಯನ್ನು ಹೆಗಲ ಮೇಲೆ ಹೊರುವವರು ಅದರ ಕಾಲಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿಕೊಂಡರೆ ಮೂಳೆಗೆ ಒತ್ತುವುದಿಲ್ಲ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳಿಗೆ ದೊಡ್ಡ ಲೆನ್ಸು ಬೇಕು, ಆದರೆ ರಸ್ತೆ ಪಕ್ಕದಲ್ಲೇ ನಿಲ್ಲಬಹುದು. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿ ಅವರು ಹಕ್ಕಿ ಚಿತ್ರಗಳಿಗೂ ಹೆಸರಾದವರು. ಹಕ್ಕಿಯ ಹಿಂದೆ ಹೋಗುವವರಿಗೆಲ್ಲ ಗೊತ್ತಿರುವಂತೆ ಅದು ನಡೆಯುವ ಕೆಲಸಕ್ಕಿಂತ ಕೂತು ಕಾಯುವ ಕೆಲಸ. ಕಾಯುವ ಹೊತ್ತಿನಲ್ಲೂ ಲೆನ್ಸನ್ನು ಕೊರಳಲ್ಲೇ ಇಟ್ಟುಕೊಂಡು ಕೂರುವವರು ಇದ್ದಾರೆ. ಅದೇಕೋ ತಿಳಿಯದು.

1343 ಮೀಟರ್ ಎತ್ತರದ ಕೊಡಚಾದ್ರಿಯ ಮಾತು ಬೇರೆ. ಅಲ್ಲಿಗೆ ನಡೆದು ಹತ್ತುವವರಿಗೆ ಬೆನ್ನಚೀಲವೇ ಸರಿ, ಭಾರವಾದದ್ದು ಬೆನ್ನಿಗೆ ಹತ್ತಿರ, ಹಗುರವಾದದ್ದು ಹೊರಗೆ. ಚೀಲಕ್ಕೆ ಸೊಂಟಪಟ್ಟಿ ಇದ್ದರೆ ಅದನ್ನು ಅಲಂಕಾರಕ್ಕೆಂದು ತೂಗಬಿಡದೆ ಬಿಗಿಯಬೇಕು. ಜೀಪಿನಲ್ಲಿ ಏರುವವರು ಕ್ಯಾಮೆರಾ ಚೀಲವನ್ನು ಜೀಪಿನ ನೆಲದ ಮೇಲೆ ಇಡಬಾರದು. ಆ ದಾರಿಯ ಕುಲುಕಾಟಕ್ಕೆ ಲೆನ್ಸಿನ ಸಣ್ಣ ತಿರುಪುಗಳು ಸಡಿಲಾಗುತ್ತವೆ. ತೊಡೆಯ ಮೇಲಿಟ್ಟುಕೊಂಡರೆ ತೊಡೆಯ ಮಾಂಸವೇ ಸ್ಪ್ರಿಂಗು. ಸಾಗರ–ಹೊಸನಗರದ ನಡುವಿನ ಖಾಸಗಿ ಬಸ್ಸಿನ ನೂಕುನುಗ್ಗಲಲ್ಲಿ ನಿಂತು ಬರುವಾಗ ಬೆನ್ನಚೀಲವನ್ನು ಎದೆಗೆ ತಿರುಗಿಸಿಕೊಳ್ಳುವುದು ಕ್ಷೇಮ. ಕಂಡಕ್ಟರಿಗೂ ದಾರಿಯಾಗುತ್ತದೆ.

ಕಡೆಗಣಿಸಬಾರದ ಸಂಗತಿ ಒಂದಿದೆ. ಕುತ್ತಿಗೆ, ಹೆಗಲು ನೋಯುವುದು ಸ್ನಾಯುವಿನ ದಣಿವು, ರಾತ್ರಿಯ ಬಿಸಿನೀರಿಗೆ ಇಳಿಯಬಹುದು. ಆದರೆ ಬೆರಳು ಜುಮುಗುಟ್ಟಿದರೆ, ಜೋಮು ಹಿಡಿದರೆ, ಹಿಡಿತ ಸೋತು ಶಟರ್ ಒತ್ತಲು ಬೆರಳು ತಡವರಿಸಿದರೆ ಅದು ದಣಿವಲ್ಲ. ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಕೊರಳೆಲುಬಿನ ಅಡಿಯಲ್ಲಿ ಹಾಯುತ್ತವೆ, ಹೆಗಲ ಮೇಲಿನ ಭಾರ ಅವನ್ನು ಅಮುಕುತ್ತದೆ. ಭಾರದ ಚೀಲ ಹೊರುವ ಸೈನಿಕರಲ್ಲಿ ತೋಳು ಬಲಗುಂದುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಂಥ ಸೂಚನೆ ಕಂಡ ದಿನ ಪಟ್ಟಿ ಇಳಿಸಬೇಕು, ಎರಡು ಮೂರು ದಿನದಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು. ಛಾಯಾಗ್ರಹಣವೇ ಹೊಟ್ಟೆಪಾಡಾದವರು ಮದುವೆ ಸೀಸನ್ ಮುಗಿಯಲಿ ಎಂದು ಮುಂದೂಡುತ್ತಾರೆ. ಅವರ ಕಸುಬು ನಿಂತಿರುವುದೇ ಆ ಬೆರಳಿನ ಮೇಲೆ.

ಇನ್ನು ಮಳೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯಲ್ಲಿ ಭಾರದಷ್ಟೇ ದೊಡ್ಡ ಶತ್ರು ತೇವ. ಕ್ಯಾಮೆರಾವನ್ನು ಮೈಗೆ ಒತ್ತಿಕೊಂಡು ಮೇಲೆ ಕಂಬಳಿ ಕೊಪ್ಪೆಯನ್ನೋ ದೊಗಲೆ ರೇನ್‌ಕೋಟನ್ನೋ ಹೊದೆಯಬಹುದು, ಆದರೆ ಬೆವರಿನ ಆವಿ ಒಳಗೇ ಉಳಿದು ಲೆನ್ಸಿಗೆ ಮುಸುಕು ಹಾಕುತ್ತದೆ. ಚೀಲದಲ್ಲಿ ಸಿಲಿಕಾ ಜೆಲ್ ಇರಲಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ನೀರು ಕುಡಿದಿದೆ ಎಂದರ್ಥ, ಕೆಂಡದ ಹತ್ತಿರ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಯದಾಗಿರಬಾರದು. ಮನೆಗೆ ಬಂದವರು ಒದ್ದೆ ಚೀಲದೊಳಗೇ ಕ್ಯಾಮೆರಾ ಬಿಟ್ಟು ಮಲಗಿದರೆ ಆ ಮಳೆಗಾಲ ಮುಗಿಯುವುದರೊಳಗೆ ಲೆನ್ಸಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ.

ಒದ್ದೆಯಾದ ತೊಗಲಿನ ಪಟ್ಟಿಯನ್ನು ಒಲೆಯ ಮೇಲೆ ಒಣಗಿಸುವುದೂ ತಪ್ಪು. ಅದು ಬಿರುಸಾಗಿ ಬಿರಿಯುತ್ತದೆ. ನೆರಳಿನಲ್ಲಿ ಒಣಗಿಸಿ, ಮಡಿಕೆಯಲ್ಲಿ ಬಿರುಕಿದೆಯೇ ಎಂದು ಬಗ್ಗಿಸಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ ಕ್ಯಾಮೆರಾದ ಎರಡು ಕಿವಿಗಳಲ್ಲಿರುವ ಉಕ್ಕಿನ ಉಂಗುರಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಬೇಕು. ಇಪ್ಪತ್ತು ಮೂವತ್ತು ವರ್ಷ ತೂಗಿದ ಕ್ಯಾಮೆರಾದಲ್ಲಿ ಉಂಗುರ ಉಜ್ಜಿ ಉಜ್ಜಿ ಕಿವಿಯ ಹಿತ್ತಾಳೆಯಲ್ಲಿ ಗಾಡಿ ಬಿದ್ದಿರುತ್ತದೆ, ಇಲ್ಲವೇ ಉಂಗುರವೇ ಒಂದು ಕಡೆ ನೂಲಿನಷ್ಟಾಗಿರುತ್ತದೆ. ಅಟ್ಟದಿಂದ ಇಳಿದ ಕ್ಯಾಮೆರಾಗಳಲ್ಲಂತೂ ಇದನ್ನು ಮೊದಲು ನೋಡಬೇಕು. ಉಂಗುರ ಬದಲಿಸಲು ಉಗುರು ಮತ್ತು ಐದು ನಿಮಿಷ ಸಾಕು. ಅಷ್ಟು ಮಾಡಿಕೊಂಡು, ಮರುದಿನ ಕವಲೇದುರ್ಗದ ಬಾಗಿಲುಗಳನ್ನು ದಾಟಿ ಇಳಿಯುವಾಗ ಕ್ಯಾಮೆರಾವನ್ನು ಬೆನ್ನಿಗೆ ಸರಿಸಿಕೊಂಡು, ಎರಡೂ ಕೈ ಬಿಡುವಾಗಿ ಇಟ್ಟುಕೊಂಡರೆ ಪಾಚಿಗಟ್ಟಿದ ಕಲ್ಲಿನ ಮೇಲೂ ಇಳಿಯಬಹುದು.